ರಟ್ಟು ಕಟ್ಟುವ ಹುಡುಗ ಮೈಕೇಲ್ ಫ್ಯಾರಡೆ

ನಮ್ಮೂರು ಬೆಳಗೊಳ. ಕನ್ನಂಬಾಡಿ ಕಟ್ಟೆ ಅಲ್ಲಿಗೆ ಹತ್ತಿರ. ಬೃಂದಾವನದ ಬಣ್ಣದ ದೀಪಗಳನ್ನು ನಾನು ಚಿಕ್ಕಂದಿನಿಂದ ಕಂಡವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಾಲೇಜು ಸೇರಿದ ವರ್ಷ ನಮ್ಮ ತಾತ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಕಟ್ಟೆಯ ನೀರು ಹರಿದು ಶಿವನಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಅದರಿಂದ ಕರೆಂಟು ತೆಗೆಯುತ್ತಾರೆ. ಹಾಗೆ ತೆಗೆದ ಮೇಲೆ ಆ ನೀರಿನಲ್ಲಿ ಸಾರ ಉಳಿದಿರುತ್ತದೆಯೇ, ಕೆಳಗಿನ ರೈತರ ಪೈರು ಅದರಿಂದ ಬೆಳೆದೀತೇ ಎಂಬುದು ಅವರ ಸಂದೇಹ. ಮೊಸರು ಕಡೆದು ಬೆಣ್ಣೆ ತೆಗೆದರೆ ಉಳಿಯುವುದು ಬರೀ ಮಜ್ಜಿಗೆಯಲ್ಲವೇ ಎಂಬುದು ಅವರ ತರ್ಕ.

ನಾನು ಗಣಿತಕ್ಕೆ ಹೆದರಿ ವಿಜ್ಞಾನವನ್ನು ಬಿಟ್ಟು ಬಿ.ಎ. ತರಗತಿಗೆ ಸೇರಿದವನು. ಅದು ವಿಜ್ಞಾನದವರ ವಿಷಯ ಎಂದು ಹೇಳಿ ನುಣುಚಿಕೊಂಡೆ. ತಾತ ಮತ್ತೆ ಕೇಳಲಿಲ್ಲ. ಆದರೆ ಅವರ ಮೌನ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದಾಗ ನನಗೆ ದೊರೆತವನು ಮೈಕೇಲ್ ಫ್ಯಾರಡೆ.

ಫ್ಯಾರಡೆ 1791ನೆಯ ಇಸವಿ ಸೆಪ್ಟೆಂಬರ್ 22ರಂದು ಲಂಡನ್ ನಗರದ ಅಂಚಿನಲ್ಲಿ ಬಡ ಕಮ್ಮಾರನೊಬ್ಬನ ಮಗನಾಗಿ ಜನಿಸಿದನು. ತಂದೆ ಕಾಯಿಲೆಯವನು; ಮನೆಯಲ್ಲಿ ಸದಾ ಕೊರತೆ. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟಕ್ಕೇ ಶಾಲೆ ಮುಗಿಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಅಂಗಡಿಯೊಂದನ್ನು ಸೇರಿ ಏಳು ವರ್ಷ ದುಡಿದನು. ಅನ್ಯರ ಪುಸ್ತಕಗಳಿಗೆ ರಟ್ಟು ಕಟ್ಟುತ್ತಲೇ ಅವುಗಳನ್ನು ಓದಿದನು. ಬ್ರಿಟಾನಿಕ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ ಅವನ ಮನಸ್ಸನ್ನು ಸೆಳೆಯಿತು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಕೊಟ್ಟ ಚೀಟಿಗಳಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳುವ ಭಾಗ್ಯ ಅವನಿಗೆ ಲಭಿಸಿತು. ಕೇಳಿದ್ದೆಲ್ಲವನ್ನೂ ಚಿತ್ರಸಹಿತ ಬರೆದು, ತಾನೇ ರಟ್ಟು ಕಟ್ಟಿ, ಡೇವಿಗೆ ಕಳುಹಿಸಿ ಕೆಲಸ ಬೇಡಿದನು. 1813ರಲ್ಲಿ ಪ್ರಯೋಗಶಾಲೆಯ ಸಹಾಯಕನಾದನು. ಡೇವಿ ದಂಪತಿಗಳೊಡನೆ ಯೂರೋಪಿನ ಪ್ರವಾಸ ಹೋದಾಗ ಡೇವಿಯ ಪತ್ನಿ ಅವನನ್ನು ಆಳಿನಂತೆ ಕಂಡಳು. ನೊಂದರೂ ಅವನು ಕಲಿಯುವುದನ್ನು ಬಿಡಲಿಲ್ಲ.

ವಿದ್ಯುತ್ ಪ್ರವಹಿಸುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ತೋರಿಸಿದ್ದನು. ವಿದ್ಯುತ್ತಿನಿಂದ ಕಾಂತತ್ವ ಹುಟ್ಟುವುದಾದರೆ ಕಾಂತದಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಫ್ಯಾರಡೆ ಹಲವು ವರ್ಷ ಇದನ್ನು ಬೆನ್ನಟ್ಟಿದನು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ತಂತಿಸುರುಳಿಗಳನ್ನು ಸುತ್ತಿ ಒಂದರಲ್ಲಿ ವಿದ್ಯುತ್ತು ಹರಿಸಿದನು. ಹರಿಸಿದ ಕ್ಷಣ, ನಿಲ್ಲಿಸಿದ ಕ್ಷಣ ಮಾತ್ರ ಇನ್ನೊಂದು ಸುರುಳಿಗೆ ಸೇರಿದ ಮುಳ್ಳು ಅಲುಗಿತು. ಅಕ್ಟೋಬರಿನಲ್ಲಿ ಟೊಳ್ಳು ಸುರುಳಿಯೊಳಕ್ಕೆ ಕಾಂತವೊಂದನ್ನು ನೂಕಿದನು, ಮುಳ್ಳು ಅಲುಗಿತು. ಕಾಂತ ಸುಮ್ಮನಿದ್ದರೆ ಏನೂ ಇಲ್ಲ. ಬದಲಾವಣೆಯೇ ವಿದ್ಯುತ್ತಿನ ತಾಯಿ ಎಂದು ಸಿದ್ಧವಾಯಿತು.

ಇದಕ್ಕಿಂತಲೂ ದೊಡ್ಡದು ಅವನು ಕಂಡ ಚಿತ್ರ. ಕಾಂತವು ದೂರದ ಕಬ್ಬಿಣವನ್ನು ನಡುವೆ ಏನೂ ಇಲ್ಲದೆ ಸೆಳೆಯುತ್ತದೆಂದು ಪಂಡಿತರು ನಂಬಿದ್ದರು. ಫ್ಯಾರಡೆ ಒಪ್ಪಲಿಲ್ಲ. ಕಾಂತದ ಸುತ್ತಲಿನ ಬಯಲೇ ಮಾರ್ಪಟ್ಟಿರುತ್ತದೆ, ಅದು ಬಲರೇಖೆಗಳಿಂದ ತುಂಬಿದ ಕ್ಷೇತ್ರ ಎಂದನು. ರೇಖೆಗಳು ದಟ್ಟವಾದಲ್ಲಿ ಬಲ ಹೆಚ್ಚು, ವಿರಳವಾದಲ್ಲಿ ಕಡಿಮೆ. ಸ್ಥಿರ ವಿದ್ಯುತ್ತಿನ ರೇಖೆಗಳು ಧನದಿಂದ ಹೊರಟು ಋಣದಲ್ಲಿ ಮುಗಿಯುತ್ತವೆ. ಕಾಂತರೇಖೆಗಳಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ, ಅವು ತಮ್ಮಲ್ಲೇ ಸುತ್ತಿ ಕೂಡಿಕೊಳ್ಳುತ್ತವೆ. ನಾನು ಹೈಸ್ಕೂಲಿನ ಮೇಷ್ಟರಿಂದ ದಂಡಕಾಂತವೊಂದನ್ನು ಎರವಲು ತಂದು, ಮೇಲೆ ಕಾಗದವಿಟ್ಟು, ಕಬ್ಬಿಣದ ಪುಡಿ ಉದುರಿಸಿ ಮೆಲ್ಲನೆ ತಟ್ಟಿದೆ. ಪುಡಿ ಒಂದು ತುದಿಯಿಂದ ಇನ್ನೊಂದಕ್ಕೆ ಬಿಲ್ಲಿನಂತೆ ಬಾಗಿ ಸಾಲುಗಟ್ಟಿತು. ಒಂದು ಸಮೀಕರಣವೂ ಇಲ್ಲದೆ ಕ್ಷೇತ್ರವು ನನ್ನ ಕಣ್ಣೆದುರಿಗಿತ್ತು.

ಫ್ಯಾರಡೆಗೆ ಉನ್ನತ ಗಣಿತ ಬರುತ್ತಿರಲಿಲ್ಲ. ಆದಕಾರಣ ಅವನ ರೇಖೆಗಳನ್ನು ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮ್ಯಾಕ್ಸ್‌ವೆಲ್ ಎಂಬ ತರುಣನು ಅವುಗಳಿಗೆ ಗಣಿತದ ರೂಪ ಕೊಟ್ಟು, ಬೆಳಕೂ ಆ ಕ್ಷೇತ್ರಗಳ ಅಲೆಯೇ ಎಂದು ಮುಂದೆ ತೋರಿಸಿದನು. ಗಣಿತವಿಲ್ಲದೆ ಆ ಕೆಲಸ ಪೂರ್ಣವಾಗುತ್ತಿರಲಿಲ್ಲವೆಂಬುದನ್ನು ನನ್ನಂಥ ಹೆದರುಪುಕ್ಕಲರು ಒಪ್ಪಲೇಬೇಕು. ಆದರೂ 1857ರಲ್ಲಿ ಮುದುಕ ಫ್ಯಾರಡೆ ಮ್ಯಾಕ್ಸ್‌ವೆಲ್ಲನಿಗೆ ಬರೆದ ಕಾಗದವೊಂದು ನನಗೆ ಬಹಳ ಪ್ರಿಯ. ಗಣಿತಜ್ಞರು ತಾವು ಕಂಡುಕೊಂಡದ್ದನ್ನು ಸಾಮಾನ್ಯರ ಮಾತಿನಲ್ಲಿಯೂ ಹೇಳಬಾರದೇ ಎಂದು ಅವನು ಅದರಲ್ಲಿ ಕೇಳಿದ್ದನು. ಅದನ್ನು ಓದಿದಾಗ ನನಗೆ ತಾತನ ಮುಖ ನೆನಪಾಯಿತು.

ಫ್ಯಾರಡೆ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ಮಾಡಿದನು. ಸರ್ ಪದವಿಯನ್ನು ಬೇಡವೆಂದನು. 1867ರ ಆಗಸ್ಟ್ 25ರಂದು ತೀರಿಕೊಂಡನು. ಅದಾದ ಮೂವತ್ತೈದು ವರ್ಷಕ್ಕೆ, 1902ರಲ್ಲಿ, ನಮ್ಮ ಕಾವೇರಿಯ ಬಲದಿಂದ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಲ್ಲಿಯೂ ನಡೆದದ್ದು ಅವನ ತತ್ತ್ವವೇ.

ಕಳೆದ ದಸರಾ ರಜೆಯಲ್ಲಿ ತಾತನ ಬಳಿ ಕುಳಿತು ಉತ್ತರ ಹೇಳಿದೆ. ಇದು ಮೊಸರು ಕಡೆದಂತಲ್ಲ, ಎತ್ತು ಗಾಣ ತಿರುಗಿಸಿದಂತೆ. ಎಣ್ಣೆ ಬರುವುದು ಎತ್ತಿನ ಮೈಯಿಂದಲ್ಲ; ಎತ್ತಿಗೆ ದಣಿವು ಮಾತ್ರ. ಹಾಗೆಯೇ ಎತ್ತರದಿಂದ ಬೀಳುವ ನೀರು ಚಕ್ರ ತಿರುಗಿಸಿ ತನ್ನ ರಭಸವನ್ನು ಕೊಡುತ್ತದೆ; ಚಕ್ರ ತಿರುಗಿದಾಗ ಕಾಂತದ ರೇಖೆಗಳು ಸುರುಳಿಗಳನ್ನು ಹಾಯುತ್ತವೆ, ಕರೆಂಟು ಹುಟ್ಟುತ್ತದೆ. ನೀರಿನ ಸಾರ ನೀರಿನಲ್ಲೇ ಇರುತ್ತದೆ. ತಾತ ಬಹಳ ಹೊತ್ತು ಯೋಚಿಸಿ, ಹಾಗಾದರೆ ಕೆಳಗಿನವರಿಗೆ ಮೋಸವಿಲ್ಲ ಎಂದು ಸಮಾಧಾನಪಟ್ಟರು.

ಮೂರು ವರ್ಷದಲ್ಲಿ ನಾನು ಬರೆದ ಪರೀಕ್ಷೆಗಳಲ್ಲಿ ಇದೊಂದು ಮನೆಯಲ್ಲಿ ನಡೆದದ್ದು. ಸಹಪಾಠಿಗಳೇ, ನಮ್ಮನ್ನು ಓದಿಸಿದವರು ಕೇಳುವ ಪ್ರಶ್ನೆಯನ್ನು ನಮ್ಮ ವಿಷಯವಲ್ಲವೆಂದು ಹಿಂದಕ್ಕೆ ಕಳುಹಿಸದಿರೋಣ.