ಅಡಿಕೆ ಕೊಳೆಯುವುದು ಮಳೆಯಿಂದಲೇ? ಕೋಲ್ಮನ್ ಕಂಡುಕೊಂಡ ಉತ್ತರ

ಮಳೆ ಜಾಸ್ತಿಯಾದರೆ ಬೆಳೆ ಕೊಳೆಯುತ್ತದೆ ಎಂಬ ಮಾತು ಮಲೆನಾಡಿನ ಅಡಿಕೆ ತೋಟದಲ್ಲೂ ಉಂಟು, ವೀರನಹೊಸಹಳ್ಳಿ ಸುತ್ತಿನ ಶುಂಠಿ ಹೊಲದಲ್ಲೂ ಉಂಟು. ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಮಗೆ ತೋರಿಸಿದವರು ಕೆನಡಾದ ಲೆಸ್ಲಿ ಕೋಲ್ಮನ್.

1878ರಲ್ಲಿ ಹುಟ್ಟಿದ ಕೋಲ್ಮನ್ ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಗಿಡಕ್ಕೆ ದಕ್ಕುವ ನೈಟ್ರೇಟ್ ಆಗಿ ಹೇಗೆ ಬದಲಿಸುತ್ತವೆ ಎಂಬುದು ಅವರ ಅಧ್ಯಯನದ ವಿಷಯ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಶಿಲೀಂಧ್ರ, ಕೀಟ ಎರಡನ್ನೂ ನೋಡಿಕೊಳ್ಳುವ ಕೆಲಸ.

ಆಗ ಮಲೆನಾಡಿನ ದೊಡ್ಡ ಸಂಕಟ ಕೊಳೆರೋಗ. ಮುಂಗಾರಿನಲ್ಲಿ ಎಳೆಗಾಯಿ ಉದುರಿದರೆ ತೋಟದವರ ವರ್ಷದ ಆದಾಯವೇ ಹೋದಂತೆ. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವುದೇ ಇದ್ದ ಉಪಾಯ. ಕೋಲ್ಮನ್ ಕೊಳೆತ ಕಾಯಿಯಲ್ಲಿ ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿಯನ್ನು ಗುರುತಿಸಿ, 1910ರಲ್ಲಿ ವಿವರ ಪ್ರಕಟಿಸಿದರು. ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಅಂದರೆ ಮಳೆ ಕೊಳೆಸುವುದಿಲ್ಲ, ಕೊಳೆಸುವವನಿಗೆ ದಾರಿ ಮಾಡಿಕೊಡುತ್ತದೆ. ಕೊಟ್ಟೆ ಕಟ್ಟುತ್ತಿದ್ದ ಹಿರಿಯರು ದಡ್ಡರೇನಲ್ಲ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ!

ಮದ್ದು ಫ್ರಾನ್ಸಿನ ದ್ರಾಕ್ಷಿ ತೋಟದ್ದು: ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣ. ಜಡಿಮಳೆಯಲ್ಲಿ ತೊಳೆದುಹೋಗದಿರಲೆಂದು ಅದಕ್ಕೆ ರಾಳ-ಸೋಡಾದ ಅಂಟು ಸೇರಿತು. ಇಂದಿಗೂ 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 1 ಕೆ.ಜಿ. ಬೆರೆಸಿ, ಮುಂಗಾರಿಗೆ ಮೊದಲೇ ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಕೊನೆಗೌಡರು ಮರ ಹತ್ತಿ ಹೊಡೆಯುತ್ತಾರೆ.

ಮುಂದೆ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ ಎಲ್ಲದರಲ್ಲೂ ಅವರ ಕೈ ಇದೆ. 1934ರಲ್ಲಿ ಮೈಸೂರು ಬಿಟ್ಟರು, 1954ರಲ್ಲಿ ತೀರಿಕೊಂಡರು.

ಶುಂಠಿಯ ಗೆಡ್ಡೆ ಕೊಳೆಸುವ ಪಿಥಿಯಂ, ಕೋಲ್ಮನ್ ಕಂಡ ಜೀವಿಯ ದಾಯಾದಿಯೇ. ಆದರೆ ಇದರ ಮನೆ ಮಣ್ಣು. ಮಣ್ಣಿನೊಳಗಿನ ಶತ್ರುವಿಗೆ ಮೇಲಿನಿಂದ ಔಷಧಿ ಹೊಡೆದರೆ ಸಾಲದು. ಇಲ್ಲಿ ಉಪಯೋಗಕ್ಕೆ ಬರುವುದು ಟ್ರೈಕೋಡರ್ಮಾ. ಈ ಶಿಲೀಂಧ್ರ ಬೇರೆ ಶಿಲೀಂಧ್ರಗಳನ್ನು ಸುತ್ತಿಕೊಂಡು ತಿನ್ನುತ್ತದೆ ಎಂದು ಅಮೆರಿಕದಲ್ಲಿ ವೈಂಡ್ಲಿಂಗ್ 1932ರಲ್ಲಿ ತೋರಿಸಿದಾಗ ಕೋಲ್ಮನ್ ಇನ್ನೂ ಮೈಸೂರಿನಲ್ಲೇ ಇದ್ದರು.

ಇದನ್ನು ಬರೀ ಪುಡಿಯಾಗಿ ಎರಚಿದರೆ ಪ್ರಯೋಜನ ಕಡಿಮೆ. ಅದಕ್ಕೂ ಆಹಾರ ಬೇಕಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಬೆರೆಸಿ, ತೇವ ಮಾಡಿ, ನೆರಳಲ್ಲಿ ಹತ್ತು-ಹದಿನೈದು ದಿನ ಮುಚ್ಚಿಟ್ಟು ನಾಟಿಗೆ ಮುಂಚೆ ಹಾಕಬೇಕು. ರಾಸಾಯನಿಕ ಶಿಲೀಂಧ್ರನಾಶಕದ ಜೊತೆಗೇ ಸುರಿಯಬಾರದು. ಹೊಲದಲ್ಲಿ ನೀರು ನಿಂತಿದ್ದರೆ ಯಾವುದೂ ಫಲ ಕೊಡದು, ಮೊದಲು ಬಸಿಗಾಲುವೆ.

ಟ್ರೈಕೋಡರ್ಮಾ ಹಾಕಿದರೆ ಎಲ್ಲ ಕೊಳೆಯೂ ವಾಸಿ ಎಂಬುದು ಹೊಸ ತಪ್ಪುಕಲ್ಪನೆ. ಆಗಲೇ ಕೊಳೆತ ಗೆಡ್ಡೆಯನ್ನು ಅದು ಉಳಿಸದು. ದುಂಡಾಣು ಸೊರಗು ರೋಗವಿದ್ದರೆ ಅದನ್ನು ನೆಚ್ಚಿಕೊಳ್ಳಲೂ ಆಗದು. ಯಾವುದೆಂದು ತಿಳಿಯಲು ಬಾಡಿದ ಗಿಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗಿಸಿ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು. ಆ ಹೊಲದ ಗೆಡ್ಡೆಯನ್ನು ಬಿತ್ತನೆಗೆ ಇಡಬೇಡಿ.