ಚಂದಮಾಮದ ಚಕ್ರಪಾಣಿ

ಪುಸ್ತಕವನ್ನು ಕಂಡರೆ ಮುಖ ತಿರುಗಿಸುವ ಮಕ್ಕಳು ಎಲ್ಲ ಕಾಲದಲ್ಲಿಯೂ, ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಅವರನ್ನು ದಂಡಿಸಿ ಓದಿಸಿದವರು ಅನೇಕರು. ಆಸೆ ಹುಟ್ಟಿಸಿ ಓದಿಸಿದವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು ‘ಚಂದಮಾಮ’ ಮಾಸಪತ್ರಿಕೆಯ ಸಂಪಾದಕರಾಗಿದ್ದ ಚಕ್ರಪಾಣಿಯವರು. ಅವರ ಮಾತೃಭಾಷೆ ತೆಲುಗು. ಆದರೂ ಕನ್ನಡ ಶಾಲೆಯೊಂದರ ಶತಮಾನೋತ್ಸವದ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವಾಗಿದೆ. ಅದರಲ್ಲಿಯೂ ಎರಡು ಭಾಷೆಗಳ ನಡುವೆ ಬಾಳುವ ರಾಯದುರ್ಗ, ಮಡಕಶಿರಾ ಸೀಮೆಯ ನಮಗೆ ಅದು ಕರ್ತವ್ಯವೇ ಆಗಿದೆ.

ಚಕ್ರಪಾಣಿ ಎಂಬುದು ಅವರ ಕಾವ್ಯನಾಮ. ಆಲೂರಿ ವೆಂಕಟಸುಬ್ಬರಾವ್ ಎಂಬುದು ಹುಟ್ಟುಹೆಸರು. 1908ರ ಆಗಸ್ಟ್ 5ರಂದು ಗುಂಟೂರು ಜಿಲ್ಲೆಯ ತೆನಾಲಿಯಲ್ಲಿ ಅವರು ಜನಿಸಿದರು. ರಾಷ್ಟ್ರೀಯ ಚಳವಳಿಯ ಆ ದಿನಗಳಲ್ಲಿ ಹಿಂದಿಯನ್ನು ಶ್ರದ್ಧೆಯಿಂದ ಕಲಿತರು. ಅವರ ಹಿಂದಿ ಗುರುಗಳಾದ ವ್ರಜನಂದನ ಶರ್ಮರೇ ಅವರಿಗೆ ಚಕ್ರಪಾಣಿ ಎಂಬ ಹೆಸರನ್ನು ದಯಪಾಲಿಸಿದರು. ಮುಂದೆ ಲೋಕವು ಅವರನ್ನು ಗುರುತಿಸಿದ್ದು ಗುರುವಿತ್ತ ಈ ಹೆಸರಿನಿಂದಲೇ.

ಯೌವನದಲ್ಲಿಯೇ ಅವರಿಗೆ ಕ್ಷಯರೋಗ ತಗುಲಿತು. ಅಂದು ಆ ರೋಗಕ್ಕೆ ಸಿದ್ಧೌಷಧವಿರಲಿಲ್ಲ; ಶುದ್ಧವಾದ ಗಾಳಿ, ದೀರ್ಘವಾದ ವಿಶ್ರಾಂತಿ ಇವೇ ಚಿಕಿತ್ಸೆ. ನಮ್ಮ ರಾಯಲಸೀಮೆಯದೇ ಆದ ಮದನಪಲ್ಲಿಯ ಆರೋಗ್ಯಧಾಮಕ್ಕೆ ಅವರು 1932ರಲ್ಲಿ ಸೇರಿದರು. ಮುಂದೇನಾಗುವುದೋ ತಿಳಿಯದ ಆ ಸ್ಥಿತಿಯಲ್ಲಿ ಮತ್ತೊಬ್ಬರಾದರೆ ದಿನಗಳನ್ನು ಎಣಿಸುತ್ತಿದ್ದರೇನೋ. ಇವರು ಜೊತೆಯಲ್ಲಿದ್ದ ಬಂಗಾಳಿ ರೋಗಿಯೊಬ್ಬರಿಂದ ಬಂಗಾಳಿಯನ್ನು ಕಲಿತರು. ಗುಣಮುಖರಾಗಿ ಹೊರಬಂದ ಮೇಲೆ ಶರಚ್ಚಂದ್ರರ ಕಾದಂಬರಿಗಳನ್ನು ತೆಲುಗಿಗೆ ತಂದರು. ಆ ಅನುವಾದಗಳು ಎಷ್ಟು ಸಹಜವಾಗಿದ್ದವೆಂದರೆ ಶರಚ್ಚಂದ್ರರನ್ನು ತೆಲುಗು ಲೇಖಕರೆಂದೇ ಭಾವಿಸಿದ ಓದುಗರಿದ್ದರು. ಶಾಲೆಯಿಲ್ಲ, ಪರೀಕ್ಷೆಯಿಲ್ಲ, ಹಾಸಿಗೆಯಲ್ಲಿ ಮಲಗಿದವನಿಗೆ ಒಂದು ಹೊಸ ಭಾಷೆ ಒಲಿಯಿತು. ಮನಸ್ಸು ಒಪ್ಪಿ ಓದಿದರೆ ಏನು ಸಾಧ್ಯ ಎಂಬುದಕ್ಕೆ ಅವರ ಬದುಕೇ ಮೊದಲ ಸಾಕ್ಷಿಯಾಗಿತ್ತು.

ಬರವಣಿಗೆಯು ಅವರನ್ನು ಚಲನಚಿತ್ರರಂಗಕ್ಕೆ ಕರೆದೊಯ್ದಿತು. ಮದರಾಸಿನಲ್ಲಿ ಕಡಪ ಜಿಲ್ಲೆಯ ಬಿ. ನಾಗಿರೆಡ್ಡಿಯವರ ಸ್ನೇಹ ದೊರೆಯಿತು. ನಾಗಿರೆಡ್ಡಿಯವರಲ್ಲಿ ಮುದ್ರಣಾಲಯವಿತ್ತು, ವ್ಯವಹಾರ ಕುಶಲತೆಯಿತ್ತು. ಚಕ್ರಪಾಣಿಯವರಲ್ಲಿ ಕಥೆಯ ನಾಡಿಯನ್ನು ಹಿಡಿಯುವ ಶಕ್ತಿಯಿತ್ತು. ಇವರಿಬ್ಬರ ವಿಜಯಾ ಸಂಸ್ಥೆಯಿಂದ ‘ಪಾತಾಳ ಭೈರವಿ’ (1951), ‘ಮಿಸ್ಸಮ್ಮ’ (1955), ‘ಮಾಯಾ ಬಜಾರ್’ (1957) ಮೊದಲಾದ ಚಿತ್ರಗಳು ಬಂದವು. ಅವರ ‘ಗುಂಡಮ್ಮ ಕಥ’ (1962) ಚಿತ್ರಕ್ಕೆ ಮೂಲ ಕನ್ನಡದ ‘ಮನೆ ತುಂಬಿದ ಹೆಣ್ಣು’ ಎಂಬುದು ನಮಗೆ ಸಂತೋಷ ಕೊಡುವ ಸಂಗತಿ. ಆದರೆ ಈ ಚಿತ್ರಗಳಿಗಿಂತಲೂ ಮೊದಲೇ, 1947ರ ಜುಲೈ ತಿಂಗಳಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರಗಳಿರುವಾಗ, ಈ ಜೋಡಿಯು ‘ಚಂದಮಾಮ’ವನ್ನು ಆರಂಭಿಸಿತ್ತು.

ಮಕ್ಕಳ ಪತ್ರಿಕೆಯೆಂದರೆ ನೀತಿಯ ಉಪದೇಶವೆಂದು ತಿಳಿದಿದ್ದ ಕಾಲ ಅದು. ಚಂದಮಾಮವು ಕಥೆಯನ್ನು ಮುಂದಿಟ್ಟು, ನೀತಿಯನ್ನು ಅದರ ಬೆನ್ನ ಹಿಂದೆ ನಿಲ್ಲಿಸಿತು. ಮಾಂತ್ರಿಕರು, ಕಾಡುದಾರಿಗಳು, ಪಾಳುಕೋಟೆಗಳು, ಸಮುದ್ರಯಾನಗಳು ತುಂಬಿದ ಸಾಹಸದ ಧಾರಾವಾಹಿಗಳನ್ನು ದಾಸರಿ ಸುಬ್ರಹ್ಮಣ್ಯಂ ಬರೆದರು. ನಾಯಕನು ಅಪಾಯದ ಅಂಚಿನಲ್ಲಿರುವಾಗಲೇ ಆ ತಿಂಗಳ ಕಂತು ಮುಗಿಯುತ್ತಿತ್ತು. ಓದಲು ಒಲ್ಲದ ಹುಡುಗನೂ ಮುಂದಿನ ಸಂಚಿಕೆಗಾಗಿ ದಾರಿ ಕಾಯುವಂತಾಯಿತು. 1952ರಿಂದ ಪತ್ರಿಕೆಯ ಹೊಣೆಯಲ್ಲಿ ಪಾಲ್ಗೊಂಡ ಕೊಡವಟಿಗಂಟಿ ಕುಟುಂಬರಾವ್ ಅವರು ಬೇತಾಳ ಕಥೆಗಳನ್ನು ಬೆಳೆಸಿದರು. ಹಟ ಬಿಡದ ವಿಕ್ರಮನು ಶವವನ್ನು ಹೆಗಲಿಗೇರಿಸಿ ನಡೆಯುವುದು, ಬೇತಾಳವು ಪ್ರಶ್ನೆ ಕೇಳುವುದು, ರಾಜನ ಮೌನ ಮುರಿದೊಡನೆ ಮರಳಿ ಮರವನ್ನೇರುವುದು — ಈ ಚೌಕಟ್ಟು ಪ್ರತಿ ತಿಂಗಳೂ ಒಂದೇ. ತಡವರಿಸಿ ಓದುವ ಮಗುವಿಗೆ ಇದೊಂದು ದೊಡ್ಡ ಆಸರೆ. ಪರಿಚಿತವಾದ ಮೊದಲ ಸಾಲುಗಳಲ್ಲಿ ಧೈರ್ಯ ಪಡೆದು ಅದು ಅಪರಿಚಿತವಾದ ಕಥೆಯೊಳಗೆ ಕಾಲಿಡುತ್ತಿತ್ತು.

ಚಿತ್ರಗಳ ಮಹಿಮೆಯೂ ಅಷ್ಟೇ ಹಿರಿದು. ಪುಟ ತೆರೆದೊಡನೆ ಕಣ್ಣಿಗೆ ಬೀಳುವುದು ಚಿತ್ರ. ಅದರಲ್ಲಿರುವವನು ಯಾರು, ಅವನ ಕೈಯಲ್ಲಿ ಕತ್ತಿಯೇಕೆ ಎಂದು ತಿಳಿಯಲು ಅಕ್ಷರಗಳ ಮೊರೆ ಹೋಗಲೇಬೇಕು. ಚಿತ್ರಾ, ಶಂಕರ್, ವಡ್ಡಾದಿ ಪಾಪಯ್ಯ ಮುಂತಾದ ಕಲಾವಿದರು ಆ ಪುಟಗಳನ್ನು ಬೆಳಗಿಸಿದರು. ಮಹಾಭಾರತದ ದೃಶ್ಯಗಳನ್ನು ಮುಖಪುಟಕ್ಕೆ ತಂದ ಎಂ.ಟಿ.ವಿ. ಆಚಾರ್ಯರು ಕನ್ನಡ ನಾಡಿನವರು. ಕಥೆಗಳಿಗೆ ಸಾಮಾನ್ಯವಾಗಿ ಲೇಖಕರ ಹೆಸರಿರುತ್ತಿರಲಿಲ್ಲ. ಭಾಷೆ ಸರಳವಾಗಿರಬೇಕು, ಅಜ್ಜನೂ ಮೊಮ್ಮಗನೂ ಒಂದೇ ಕಥೆಯನ್ನು ಸವಿಯುವಂತಿರಬೇಕು ಎಂಬ ಚಕ್ರಪಾಣಿಯವರ ನಿಲುವೇ ಎಲ್ಲ ಪುಟಗಳಲ್ಲಿಯೂ ಅವರ ಸಹಿಯಾಗಿತ್ತು.

ತೆಲುಗು, ತಮಿಳುಗಳಲ್ಲಿ ಮೊದಲು ಹೊರಟ ಪತ್ರಿಕೆಯು 1949ರ ವೇಳೆಗೆ ಕನ್ನಡದಲ್ಲಿಯೂ ಬರತೊಡಗಿತ್ತು. ಮುಂದೆ ಹಿಂದಿ, ಮರಾಠಿ, ಮಲಯಾಳ, ಗುಜರಾತಿ ಮೊದಲಾದ ಭಾಷೆಗಳಿಗೂ ಹಬ್ಬಿತು. ನಮ್ಮ ಸೀಮೆಗೆ ಇದರ ಅರ್ಥವೇನೆಂದು ಯೋಚಿಸಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿಯು ಮೈಸೂರಿಗೆ ಸೇರಿತು. ಅದೇ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆಂಧ್ರದಲ್ಲಿ ಉಳಿದು ಅನಂತಪುರ ಜಿಲ್ಲೆಯ ಭಾಗವಾಯಿತು. ಮಡಕಶಿರಾವಂತೂ ಬಹುಪಾಲು ಕನ್ನಡ ನಾಡಿನಿಂದಲೇ ಸುತ್ತುವರಿದ ತಾಲ್ಲೂಕು. ಇಂತಹ ಊರುಗಳಲ್ಲಿ ಕನ್ನಡದಲ್ಲಿ ಓದುವ ಮಗುವಿಗೆ, ತಾನು ಏನನ್ನೋ ಕಳೆದುಕೊಳ್ಳುತ್ತಿದ್ದೇನೆ ಎಂಬ ಅಳುಕು ಸುಲಭವಾಗಿ ಹುಟ್ಟುತ್ತದೆ. ಚಂದಮಾಮದಲ್ಲಿ ಆ ಅಳುಕಿಗೆ ಎಡೆಯಿರಲಿಲ್ಲ. ಅದೇ ಚಿತ್ರ, ಅದೇ ಬಣ್ಣ, ಅದೇ ಸಾಹಸ. ಅಕ್ಷರ ಮಾತ್ರ ಬೇರೆ. ಪಕ್ಕದ ಮನೆಯ ತೆಲುಗು ಗೆಳೆಯನಿಗೆ ಸಿಕ್ಕ ಲೋಕವೇ ಕನ್ನಡದ ಮಗುವಿಗೂ ಕನ್ನಡದಲ್ಲಿಯೇ ಸಿಗುತ್ತಿತ್ತು. ಹೋಲುವ ಎರಡು ಲಿಪಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದರಿಂದ ಇನ್ನೊಂದಕ್ಕೆ ದಾಟುವುದೂ ಕಷ್ಟವಾಗಿರಲಿಲ್ಲ.

1975ರ ಸೆಪ್ಟೆಂಬರ್ 24ರಂದು ಚಕ್ರಪಾಣಿಯವರು ನಿಧನರಾದರು. ಅವರ ನಂತರವೂ ಪತ್ರಿಕೆ ದಶಕಗಳ ಕಾಲ ನಡೆಯಿತು. 1998ರಲ್ಲಿ ನಿಂತು, ಮತ್ತೆ ಹೊರಟು, 2013ರ ಸುಮಾರಿಗೆ ಶಾಶ್ವತವಾಗಿ ನಿಂತುಹೋಯಿತು. ಇಂದು ಆ ಜಾಗ ಬರಿದಾಗಿದೆ.

ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುತ್ತಿಲ್ಲ, ಬಂದವರು ಪಠ್ಯದಾಚೆಗೆ ಓದುತ್ತಿಲ್ಲ ಎಂದು ನಾವು ಕೊರಗುತ್ತೇವೆ. ಭಾಷೆಯ ಮೇಲಿನ ಅಭಿಮಾನವನ್ನು ಬೋಧಿಸಿ ಮಗುವನ್ನು ಓದಿಸಲಾಗದು. ಆ ಭಾಷೆಯಲ್ಲಿ ಅದಕ್ಕೆ ಬೇಕಾದ ಕಥೆಯಿರಬೇಕು. ಚಕ್ರಪಾಣಿಯವರ ಜೀವನವು ನಮಗೆ ಹೇಳುವುದು ಇಷ್ಟನ್ನೇ. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದ ಮೇಲೆ ಚಂದಮಾಮದ ಹಳೆಯ ಸಂಚಿಕೆಗಳು ಉಳಿದಿದ್ದರೆ, ಅವನ್ನು ಧೂಳು ಕೊಡವಿ ಶಾಲೆಯ ವಾಚನಾಲಯಕ್ಕೆ ತಂದುಕೊಡಲಿ. ನೂರು ವರ್ಷ ತುಂಬಿದ ಶಾಲೆಗೆ ಇದಕ್ಕಿಂತ ಸೊಗಸಾದ ಕಾಣಿಕೆ ಬೇರೊಂದಿರಲಾರದು.