ರಣರಂಗಕ್ಕೆ ಈಥರ್ ಒಯ್ದ ಡಾಕ್ಟರು: ನಿಕೊಲಾಯ್ ಪಿರೊಗೊವ್

ಒಂದು ಹಲ್ಲು ಕೀಳಿಸೋಕೂ ನಾವು ಮೊದಲು ಮರಗಟ್ಟೋ ಇಂಜೆಕ್ಷನ್ ಕೇಳ್ತೀವಿ. ಇನ್ನೂರು ವರ್ಷಗಳ ಹಿಂದೆ ಗುಂಡೇಟು ಬಿದ್ದ ಸೈನಿಕನ ಕಾಲು ಕತ್ತರಿಸುವಾಗ ಅಂಥದ್ದೇನೂ ಇರಲಿಲ್ಲ. ನಾಲ್ಕು ಜನ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಡಾಕ್ಟರು ಬೇಗ ಬೇಗ ಕೊಯ್ಯಬೇಕು, ಅಷ್ಟೇ. ಇದನ್ನು ಬದಲಿಸಿದವರಲ್ಲಿ ರಷ್ಯಾದ ನಿಕೊಲಾಯ್ ಇವಾನೊವಿಚ್ ಪಿರೊಗೊವ್ ಮುಖ್ಯರು.

1810ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಅವರು ಹದಿನಾಲ್ಕನೇ ವಯಸ್ಸಿಗೇ ವಿಶ್ವವಿದ್ಯಾಲಯ ಸೇರಿದರು. ಮುಂದೆ ನಮ್ಮ ಹಾಗೆಯೇ ಪರದೇಶಕ್ಕೆ ಹೋಗಿ ಬರ್ಲಿನ್, ಗೋಟಿಂಗನ್‌ಗಳಲ್ಲಿ ಕಲಿತರು. 1841ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು.

1846ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಆವಿಯಿಂದ ರೋಗಿಗೆ ಪ್ರಜ್ಞೆ ತಪ್ಪಿಸಿ ತೋರಿಸಿದರು. ಸುದ್ದಿ ರಷ್ಯಾ ಮುಟ್ಟಿದಾಗ ಪಿರೊಗೊವ್ ಅದನ್ನು ಹಾಗೇ ನಂಬಲಿಲ್ಲ. ಪ್ರಾಣಿಗಳ ಮೇಲೆ, ತಮ್ಮ ಮೇಲೂ ಪ್ರಯೋಗ ಮಾಡಿ ನೋಡಿದರು. 1847ರ ಫೆಬ್ರವರಿಯಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಶುರುಮಾಡಿದರು. ಕೆಲವೇ ತಿಂಗಳಲ್ಲಿ ಕಾಕಸಸ್ ಯುದ್ಧರಂಗಕ್ಕೆ ಹೊರಟರು.

ಅಲ್ಲಿ, ದಾಗೆಸ್ತಾನದ ಸಾಲ್ಟಿ ಎಂಬ ಹಳ್ಳಿಗೆ ರಷ್ಯಾದ ಸೇನೆ ಮುತ್ತಿಗೆ ಹಾಕಿತ್ತು. ಆಸ್ಪತ್ರೆ ಅಂದರೆ ಮರದ ಕೊಂಬೆಗಳ ಗುಡಿಸಲು. ಹಾಸಿಗೆ ಅಂದರೆ ಹುಲ್ಲು ಹರಡಿದ ಕಲ್ಲಿನ ಜಗಲಿ. ಪಿರೊಗೊವ್ ಮಂಡಿಯೂರಿ ಕೂತು ಸುಮಾರು 100 ಶಸ್ತ್ರಚಿಕಿತ್ಸೆಗಳನ್ನು ಈಥರ್ ಕೊಟ್ಟು ಮಾಡಿದರು. ರಣರಂಗದಲ್ಲಿ ಈಥರ್ ಇಷ್ಟು ವ್ಯಾಪಕವಾಗಿ ಬಳಕೆಯಾಗಿದ್ದು ಅದೇ ಮೊದಲು ಅಂತಾರೆ.

ಔಷಧಿ ಇದ್ದರೆ ಸಾಲದು, ಅದರ ಮೇಲೆ ನಂಬಿಕೆಯೂ ಬೇಕಲ್ಲ? ಪ್ರಜ್ಞೆ ತಪ್ಪಿದರೆ ಮತ್ತೆ ಏಳ್ತೀವೋ ಇಲ್ವೋ ಅನ್ನೋ ಭಯ ಯಾರಿಗಿಲ್ಲ! ಅದಕ್ಕೇ ಅವರು ಬೇರೆ ಗಾಯಾಳುಗಳ ಕಣ್ಣೆದುರೇ ಶಸ್ತ್ರಚಿಕಿತ್ಸೆ ಮಾಡಿದರು. ಕೂಗಾಟವಿಲ್ಲದೆ ಮಲಗಿದ್ದ ಜೊತೆಗಾರ ಆಮೇಲೆ ಕಣ್ಣು ಬಿಟ್ಟದ್ದನ್ನು ನೋಡಿದವರಿಗೆ ಧೈರ್ಯ ಬಂತು.

1854ರಲ್ಲಿ ಕ್ರಿಮಿಯಾ ಯುದ್ಧ ನಡೆದಿತ್ತು. ಎದುರು ಪಕ್ಷದಲ್ಲಿ, ಬ್ರಿಟಿಷ್ ಸೇನೆಯ ಮುಖ್ಯ ವೈದ್ಯಾಧಿಕಾರಿ ಜಾನ್ ಹಾಲ್, ತೀವ್ರ ಗಾಯಗಳಿಗೆ ಕ್ಲೋರೋಫಾರ್ಮ್ ಬಳಸಬೇಡಿ ಎಂದು ಎಚ್ಚರಿಸಿದ್ದರು; ಕತ್ತಿಯ ನೋವೇ ಜೀವಕ್ಕೆ ಚೈತನ್ಯ ಕೊಡುತ್ತೆ ಅನ್ನೋದು ಅವರ ನಂಬಿಕೆ. ಮುತ್ತಿಗೆಗೆ ಸಿಕ್ಕ ಸೆವಸ್ತೊಪೋಲ್‌ನೊಳಗೆ ಪಿರೊಗೊವ್ ಕ್ಲೋರೋಫಾರ್ಮ್ ಕೊಟ್ಟೇ ಕೊಯ್ಯುತ್ತಿದ್ದರು. ಮುರಿದ ಮೂಳೆಗೆ ಪ್ಲಾಸ್ಟರ್ ಹಾಕಿಸಿದರು. ಗಾಡಿಯ ಕುಲುಕಾಟದಲ್ಲೂ ಮೂಳೆ ಅಲುಗದೆ ನೋವು ತಗ್ಗಿತು. ಗಾಯಾಳುಗಳನ್ನು ಬಂದ ಕೂಡಲೇ ಗುಂಪು ಗುಂಪಾಗಿ ವಿಂಗಡಿಸಿದರು. ಬದುಕುವ ಆಸೆಯೇ ಇಲ್ಲದವರನ್ನೂ ಮೂಲೆಗೆ ತಳ್ಳಲಿಲ್ಲ. ಕೊನೆಗಾಲದ ಸಾಂತ್ವನಕ್ಕೆ ದಾದಿಯರಿಗೂ ಪಾದ್ರಿಗಳಿಗೂ ಒಪ್ಪಿಸಿದರು.

ದವಡೆಯ ಕ್ಯಾನ್ಸರ್‌ನಿಂದ ತಾವೇ ನೋವುಂಡು, 1881ರಲ್ಲಿ ಉಕ್ರೇನಿನ ವಿನ್ನಿತ್ಸಿಯಾ ಬಳಿ ತೀರಿಕೊಂಡರು. ಯುದ್ಧಗಳನ್ನು ನಿಲ್ಲಿಸೋದು ಅವರ ಕೈಲಿರಲಿಲ್ಲ. ನೋವು ಸಹಿಸೋದೂ ಸೈನಿಕನ ಕರ್ತವ್ಯವೇ ಅನ್ನೋ ಮಾತನ್ನು ಮಾತ್ರ ಅವರು ಒಪ್ಪಲಿಲ್ಲ. ನಮ್ಮಲ್ಲಿ ವೈದ್ಯಕೀಯ ಓದುತ್ತಿರುವ ಗೆಳೆಯರಿಗೆ ಈ ಹೆಸರು ನೆನಪಿರಲಿ.